ಆಯ್ಕೆ ಎಷ್ಟಿರಬೇಕು, ಎಲ್ಲಿರಬೇಕು?

ಪ್ರಶ್ನೆ: ಮಾನ್ಯರೇ, ನಮ್ಮ ಶಾಲೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದೇವೆ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ (ಪರದೆಯ ಮೇಲಿನ ಕಿಟಕಿ, ಮೆನುಗಳ ಏರ್ಪಾಡು) ಬದಲಿಸಿಕೊಳ್ಳಲು ಹೆಚ್ಚೇನೂ ಸಿಗುವುದಿಲ್ಲ. ಅಂಥದ್ದೇ ಇನ್ನೊಂದು ಏರ್ಪಾಡಾದ ಕೆಡಿಇಯಲ್ಲಿ ಸೆಟ್ಟಿಂಗ್ಸ್ ತೆರೆದರೆ ಎಲ್ಲಿ ಕೈಯಿಡಬೇಕೆಂದೇ ತಿಳಿಯುವುದಿಲ್ಲ. ಸರಳತೆ ಮತ್ತು ಆಯ್ಕೆ ಎರಡೂ ಒಂದೆಡೆ ಇರಲಾರವೇ? ನಮಗೆ ಯಾವುದು ಸೂಕ್ತ?
– ಶಿಕ್ಷಕರೊಬ್ಬರು, ಶಿರಸಿ

ಉತ್ತರ: ಇನ್ನೊಂದು ಆಯ್ಕೆ ಸೇರಿಸಿದರೆ ನಷ್ಟವೇನು ಎಂದು ಬಳಸುವವರಿಗೆ ಅನಿಸುವುದು ಸಹಜ. ಆದರೆ ಹೌದು ಅಥವಾ ಇಲ್ಲ ಎಂಬಂಥ ಕೇವಲ 10 ಆಯ್ಕೆಗಳಿಂದ 1,024 ಬಗೆಯ ಜೋಡಣೆಗಳು ಹುಟ್ಟುತ್ತವೆ. ಅಷ್ಟನ್ನೂ ಪರೀಕ್ಷಿಸುವವರು ಯಾರೂ ಇಲ್ಲದಿರುವುದರಿಂದ ಅಪರೂಪದ ಜೋಡಣೆಗಳಲ್ಲಿ ದೋಷಗಳು ಅವಿತು ಕೂರುತ್ತವೆ. ಗ್ನೋಮ್ 2 ಹೊರಬಂದ 2002ರಲ್ಲಿ ಅದರ ಅಭಿವೃದ್ಧಿಕಾರರಲ್ಲೊಬ್ಬರಾದ ಹ್ಯಾವಕ್ ಪೆನ್ನಿಂಗ್ಟನ್ ಅವರು ಪ್ರತಿ ಆಯ್ಕೆಗೂ ಬೆಲೆಯಿದೆಯೆಂದು ವಾದಿಸಿದ್ದು ಇದೇ ನೆಲೆಯಲ್ಲಿ. 2005ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರು, ಗ್ನೋಮ್‌ನದು ಬಳಕೆದಾರರನ್ನು ದಡ್ಡರೆಂದು ಎಣಿಸುವ ಧೋರಣೆಯೆಂದು ಕಟುವಾಗಿ ಟೀಕಿಸಿ, ಕೆಡಿಇ ಬಳಸುವಂತೆ ಹೇಳಿದರು.

ನನಗೆ ಪೆನ್ನಿಂಗ್ಟನ್ ಅವರ ವಾದವೇ ಹೆಚ್ಚು ಸರಿಯೆನಿಸುತ್ತದೆ, ಆದರೆ ಒಂದು ಎಲ್ಲೆಯವರೆಗೆ ಮಾತ್ರ. 2011ರಲ್ಲಿ ಬಂದ ಗ್ನೋಮ್ 3 ಕಿಟಕಿಗಳ ಮಿನಿಮೈಸ್ ಗುಂಡಿಯನ್ನೇ ತೆಗೆದುಹಾಕಿದಾಗ, ವರ್ಷಗಟ್ಟಲೆ ಕೈಗೆ ಕೂತ ಅಭ್ಯಾಸವನ್ನು ಕಳೆದುಕೊಂಡ ಜನ ಸಿಟ್ಟಾದರು. ಹಳೆಯ ಗ್ನೋಮ್ 2ನ್ನು ಉಳಿಸಿಕೊಳ್ಳಲೆಂದೇ ಮಾಟೆ ಎಂಬ ಪ್ರತ್ಯೇಕ ಡೆಸ್ಕ್‌ಟಾಪ್ ಹುಟ್ಟಿತು. ಹೊಸದರಲ್ಲಿ ಆಯ್ಕೆ ಕಡಿಮೆಯಿಡುವುದು ಒಂದು ಮಾತು, ಇದ್ದದ್ದನ್ನು ಕಿತ್ತುಕೊಳ್ಳುವುದು ಬೇರೆಯೇ ಮಾತು.

ಎರಡನ್ನೂ ಒಂದೆಡೆ ಇಡಲು ಸಾಧ್ಯ. ವಿಎಲ್‌ಸಿ ಪ್ಲೇಯರಿನ ಸೆಟ್ಟಿಂಗ್ಸ್ ಮೊದಲು ತೆರೆದುಕೊಳ್ಳುವುದು ಸರಳ ರೂಪದಲ್ಲಿ. 'ಎಲ್ಲವನ್ನೂ ತೋರಿಸು' ಎಂದು ಕೇಳಿದವರಿಗೆ ಮಾತ್ರ ಉಳಿದ ನೂರಾರು ಆಯ್ಕೆಗಳು ಕಾಣುತ್ತವೆ. ಆದರೂ ಇಲ್ಲಿ ನಿಜವಾದ ಶ್ರಮ ಇರುವುದು, ಹೆಚ್ಚಿನವರು ಏನನ್ನೂ ಮುಟ್ಟದೆ ಕೆಲಸ ಮಾಡಿಕೊಳ್ಳುವಂತೆ ಮೊದಲ ಹೊಂದಿಕೆಯನ್ನು ಆರಿಸುವುದರಲ್ಲಿ.

ಆದರೆ ಅಕ್ಷರದ ಗಾತ್ರ, ಬಣ್ಣಗಳ ತೀಕ್ಷ್ಣತೆ, ಕೀಲಿಮಣೆಯ ವಿನ್ಯಾಸ, ಭಾಷೆ ಇವುಗಳನ್ನು ಅಲಂಕಾರದ ಸಾಲಿಗೆ ಸೇರಿಸಬಾರದು. ಕಣ್ಣು ಮಂಜಾದವರಿಗೂ ಕನ್ನಡದಲ್ಲಿ ಬರೆಯುವವರಿಗೂ ಇವಿಲ್ಲದೆ ಕೆಲಸವೇ ನಡೆಯದಿರುವುದರಿಂದ, ಸರಳತೆಯ ಹೆಸರಿನಲ್ಲಿ ಇವನ್ನು ಮೂಲೆಗೆ ತಳ್ಳುವುದು ಅನ್ಯಾಯ.

ನಿಮ್ಮ ಶಾಲೆಗೆ ಗ್ನೋಮ್ ಸಾಕು. ಮಕ್ಕಳು ಯಾವ ಕಂಪ್ಯೂಟರಿಗೆ ಕೂತರೂ ಪರದೆ ಒಂದೇ ರೀತಿ ಕಾಣುವುದರಿಂದ ಪಾಠ ಹೇಳುವುದು ಸುಲಭ. ಹಲವು ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್-ಎಂ17ಎನ್ ತಂತ್ರಾಂಶವನ್ನು ಅನುಸ್ಥಾಪಿಸಿ, ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೆಜಿಪಿ ವಿನ್ಯಾಸವನ್ನು ಸೇರಿಸಿದರೆ, ನುಡಿಯಲ್ಲಿ ಟೈಪ್ ಮಾಡಿ ರೂಢಿಯಿರುವವರ ಬೆರಳಿಗೆ ಅದು ಹೊಂದುತ್ತದೆ. ಸೂಪರ್ (ವಿಂಡೋಸ್ ಚಿಹ್ನೆಯಿರುವ ಕೀಲಿ) ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಇಂಗ್ಲಿಷಿಗೂ ಕನ್ನಡಕ್ಕೂ ಹೋಗಿಬರಬಹುದು.