ಕಪಾಟಿನ ಬಾಗಿಲಿಗೆ ಹೊರಗೆ ಕಾಣದ ಹಿಂಜ್: ನೇರ ತೋಳಿನದು ಬೇಕಾ, ಬಾಗಿದ ತೋಳಿನದಾ?

ಬಾಗಿಲು ಪಕ್ಕದ ಹಲಗೆಯ ಅಂಚನ್ನು ಎಷ್ಟು ಮುಚ್ಚಬೇಕು ಅನ್ನೋದನ್ನು ಮೊದಲು ಅಳೆಯಿರಿ. ಹಿಂಜ್ ಆರಿಸೋದು ಆ ಅಳತೆ ನೋಡಿಯೇ. 18 ಮಿ.ಮೀ. ಹಲಗೆಯನ್ನು ಒಂದೇ ಬಾಗಿಲು ಹೆಚ್ಚುಕಮ್ಮಿ ಪೂರ್ತಿ ಮುಚ್ಚಿದರೆ ನೇರ ತೋಳಿನದು ತನ್ನಿ. ನಡುವಿನ ಒಂದೇ ಹಲಗೆಗೆ ಎಡಬಲದಿಂದ ಎರಡು ಬಾಗಿಲು ಬಂದರೆ, ತೋಳು ಸ್ವಲ್ಪ ಬಾಗಿರುವ ಅರ್ಧ ಮುಚ್ಚುವ ಹಿಂಜ್ ಬೇಕು.

ಕಾರಣ ಸರಳ. ತೋಳನ್ನು ಹಿಡಿಯುವ ಪ್ಲೇಟ್ ಹಲಗೆಯ ಒಳಮೈಗೆ ಕೂರುತ್ತದೆ, ಬಟ್ಟಲಿನಂಥ ಭಾಗ ಬಾಗಿಲಿನೊಳಗೆ. ತೋಳು ಬಾಗಿದಷ್ಟೂ ಬಾಗಿಲು ಹಲಗೆಯ ಮೇಲಿಂದ ಒಳಕ್ಕೆ ಸರಿಯುತ್ತದೆ.

ಬಟ್ಟಲಿಗೆ ಸಾಮಾನ್ಯವಾಗಿ 35 ಮಿ.ಮೀ. ಅಗಲದ ತೂತು, ಆಳ ಸುಮಾರು 12–13. ತೂತಿನ ಅಂಚಿಗೂ ಬಾಗಿಲಿನ ಅಂಚಿಗೂ ನಡುವೆ 3ರಿಂದ 6 ಮಿ.ಮೀ. ಬಿಡಿ. ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಿರೋದು ಇಲ್ಲೇ. ಈ ಅಂತರ 1 ಮಿ.ಮೀ. ಹೆಚ್ಚಾದರೆ ಬಾಗಿಲು ಹಲಗೆಯನ್ನು ಅಷ್ಟೇ ಹೆಚ್ಚು ಮುಚ್ಚುತ್ತದೆ. ತೀರಾ ಅಂಚಿಗೆ ಕೊರೆದರೆ ಅಲ್ಲಿ ಉಳಿಯುವ ತೆಳ್ಳನೆ ಮರ ಸೀಳಿಹೋಗಬಹುದು. ಪ್ಲೇಟಿನ ಸ್ಕ್ರೂಗಳು ಸಾಮಾನ್ಯವಾಗಿ ಹಲಗೆಯ ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ ಬರುತ್ತವೆ. ಬಾಗಿಲು ಹಾಕಿದ ಮೇಲೆ ಒಂದೆರಡು ಮಿ.ಮೀ. ಆಚೀಚೆ ಕಂಡರೆ ಸುಮ್ನೆ ಮತ್ತೆ ಕೊರೆಯಬೇಡಿ, ತೋಳಿನ ಮುಂದಿನ ಸ್ಕ್ರೂ ತಿರುಗಿಸಿದರೆ ಸಾಕು.