ಅಪ್ಪ ಬಿಟ್ಟುಕೊಟ್ಟ ರೈಟರ್ ಕೆಲಸ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಜನವರಿ ಕೊನೆ, ರೊಬಸ್ಟಾ ಕಾಫಿ ಕೊಯ್ಲು ಬಿರುಸಾಗಿದ್ದ ಸಮಯ. ವಿರಾಜಪೇಟೆ ಕಡೆಯ ತೋಟವೊಂದರ ರೈಟರ್, ಅಂದರೆ ಕೊಯ್ಲಿನ ತೂಕ, ಕೂಲಿಯ ಲೆಕ್ಕ ಬರೆಯುವವರು, ಇಪ್ಪತ್ತೊಂಬತ್ತರ ಯುವಕ, ನಿದ್ದೆ ಬರುವುದಿಲ್ಲವೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದರು. ಸಂಜೆ ನಾಲ್ಕಾದರೆ ಹೊಟ್ಟೆ ತೊಳಸುತ್ತದೆ. ಕೊಯ್ದ ಹಣ್ಣಿನ ಚೀಲಗಳು ತೂಕಕ್ಕೆ ಬರುವುದೂ ಆ ಹೊತ್ತಿಗೇ. ಒಬ್ಬರ ಕಿಲೋ ಇನ್ನೊಬ್ಬರ ಸಾಲಿಗೆ ಹೋಗುತ್ತದೆ, ಬಟವಾಡೆಯ ದಿನ ಜಗಳ. ತಂದೆ ಅದೇ ಲೆಕ್ಕದ ಪುಸ್ತಕವನ್ನು ಮೂವತ್ತು ವರ್ಷ ಚಿತ್ತಿಲ್ಲದೆ ಬರೆದವರು. “ನನಗೆ ತಲೆಯೇ ಇಲ್ಲ, ಮೇಡಂ.”

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ, ಹೊಟ್ಟೆಯನ್ನು ಡಾಕ್ಟರಿಗೆ ತೋರಿಸಲು ಹೇಳಿದೆ.

ತಲೆ ಇಲ್ಲವೆಂಬುದನ್ನು ಮಾತ್ರ ಒಪ್ಪಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್‌ನ ಮಾತು ಬಂದದ್ದೇ ತಡ, ನನ್ನ ಮೇಜಿನ ಮೇಲಿದ್ದ ಲೋಟ, ಎರಡು ಪೆನ್ನು ಜೋಡಿಸಿ, ಹಣ್ಣು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಸಂದು ಬಿಗಿಯಾದರೆ ಬೀಜಕ್ಕೆ ಹೇಗೆ ಗಾಯವಾಗುತ್ತದೆ ಎಂದು ತೋರಿಸಿದರು. ಅಷ್ಟು ಹೊತ್ತೂ ಹೊಟ್ಟೆಯ ನೆನಪಿರಲಿಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಕೆಲಸದ ಒಲವುಗಳು ಆರು ಬಗೆ. ಉಪಕರಣ ಹಿಡಿಯುವ ಕೈ ಒಂದು ಬಗೆ, ಕಡತ-ಅಂಕಿ ಒಪ್ಪವಾಗಿಡುವ ಮನಸ್ಸು ಇನ್ನೊಂದು. ಒಲವು ಅಳೆಯುವ ಪ್ರಶ್ನಾವಳಿಯನ್ನು ನಾನು ತೆಗೆಯಲೇ ಇಲ್ಲ. ಲೋಟ, ಪೆನ್ನು ಸಾಕಾಗಿದ್ದವು.

ಗೆಳೆಯರು ‘ಬಿಟ್ಟುಬಿಡು’ ಎಂದಿದ್ದರಂತೆ. ಹೇಳುವವರಿಗೇನು? ಕೆಲಸ ಬಿಟ್ಟರೆ ತೋಟದ ಕ್ವಾರ್ಟರ್ಸ್ ಬಿಡಬೇಕು, ಅಲ್ಲಿ ವಯಸ್ಸಾದ ತಂದೆತಾಯಿ ಇದ್ದಾರೆ. ಕೊಯ್ಲು ಮುಗಿಯುವವರೆಗೆ ರಾಜೀನಾಮೆಯ ಮಾತು ಬೇಡ ಎಂದೆ. ತೂಕದ ಹೊತ್ತಿಗೆ ಮೇಸ್ತ್ರಿ ಹೆಸರು, ಕಿಲೋ ಎರಡನ್ನೂ ಗಟ್ಟಿಯಾಗಿ ಕೂಗಲಿ. ನೀವು ಬರೆದುಕೊಂಡು ಕೊಯ್ದವರ ಎದುರೇ ಓದಿ ಹೇಳಿ. ಸಾಹುಕಾರರ ಬಳಿ ‘ಈ ಕೆಲಸ ನನ್ನಿಂದಾಗದು’ ಎನ್ನಬೇಡಿ, ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಎಂಜಿನ್ನಿನ ಹೊಣೆ ಕೇಳಿ. ಕಳೆದ ವರ್ಷ ರಿಪೇರಿಗೆಂದು ಹೊರಗೆ ಕೊಟ್ಟ ಹಣವೆಷ್ಟೆಂದು ಲೆಕ್ಕ ಹಾಕಿಕೊಂಡು ಹೋಗಿ. ಪುಸ್ತಕ ನಿಮ್ಮ ಬಳಿಯೇ ಇದೆಯಲ್ಲ! ಮೊದಲ ಬಾರಿ ನಕ್ಕರು.

ತಂದೆಗೆ ಹೇಗೆ ಹೇಳುವುದು ಎಂಬುದಕ್ಕೆ ಇನ್ನೆರಡು ಭೇಟಿ ಹಿಡಿಯಿತು.

ಏಪ್ರಿಲ್‌ನಲ್ಲಿ ಬಂದಾಗ ಬೆರಳ ಸಂದಿನಲ್ಲಿ ಗ್ರೀಸ್ ಇತ್ತು. ಎಂಜಿನ್ ಕೈಗೆ ಬಂದಿದೆ, ಪುಸ್ತಕ ಇನ್ನೂ ಕೈಬಿಟ್ಟಿಲ್ಲ. ಸಂಜೆ ಲೆಕ್ಕ ಕೂಡುವಾಗ ತಂದೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾರಂತೆ. “ಸಹಾಯಕ್ಕೋ ಕಾವಲಿಗೋ ಗೊತ್ತಿಲ್ಲ ಮೇಡಂ” ಎಂದರು.