ಪಾರ್ಟೀಲಿ ಯಾರಾದ್ರೂ ಬಿದ್ರೆ ಹೊಣೆ ಯಾರದು?

ಪ್ರಶ್ನೆ: ಮೇಡಂ, ರಜೆಗೆ ಮನೇಲಿ ಪಾರ್ಟಿ ಇಟ್ಕೊಂಡಿದೀವಿ, ಮೂವತ್ತು ಜನ ಬರ್ತಾರೆ. ಹೋದ ಸಲ ನಮ್ಮ ಚಿಕ್ಕಮ್ಮ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡ್ರು. ಮತ್ತೆ ಹಾಗಾದ್ರೆ ಕಾನೂನು ಪ್ರಕಾರ ನಾವೇ ಜವಾಬ್ದಾರರಾ?

ಉತ್ತರ: ನಿಮ್ಮನೇಲಿ ಬಿದ್ರು ಅಂದ ಮಾತ್ರಕ್ಕೆ ತಪ್ಪು ನಿಮ್ಮದೇ ಅಂತಾಗಲ್ಲ. ಬಹಳಷ್ಟು ಕಡೆ ಕೋರ್ಟು ನೋಡೋದು, ಅಪಾಯ ಇದೆ ಅಂತ ನಿಮಗೆ ಗೊತ್ತಿತ್ತಾ, ಗೊತ್ತಿದ್ದೂ ಸರಿ ಮಾಡಿಸ್ದೆ, ಬಂದವರಿಗೂ ಹೇಳ್ದೆ ಸುಮ್ನಿದ್ರಾ ಅಂತ. ಒಬ್ಬರು ಆಗ್ಲೇ ಬಿದ್ದಿರೋದ್ರಿಂದ ಆ ಮೆಟ್ಟಿಲ ವಿಷಯದಲ್ಲಿ ನೀವು ಗೊತ್ತಿರ್ಲಿಲ್ಲ ಅನ್ನೋಕಾಗಲ್ಲ, ಅದಕ್ಕೇ ಮೊದಲು ಅದನ್ನೇ ನೋಡಿ. ಹಿಂದಿನ ದಿನ ಕತ್ತಲಾದ್ಮೇಲೆ ಎರಡೂ ಕೈಲಿ ತಟ್ಟೆ ಹಿಡ್ಕೊಂಡು ನೀವೇ ನಿಧಾನಕ್ಕೆ ಇಳಿದು ನೋಡಿ, ಕಾಲು ಎಲ್ಲಿ ತಡಕಾಡುತ್ತೋ ಅಲ್ಲಿ ಲೈಟ್ ಬೇಕು, ಕೆಳಗೆ ಜಾರೋ ಮ್ಯಾಟ್ ಇದ್ರೆ ಸುತ್ತಿ ಎತ್ತಿಡಿ, ಕಂಬಿ ಅಲ್ಲಾಡ್ತಿದ್ರೆ ಬಿಗಿ ಮಾಡಿಸಿ.

ಕುಡಿಯೋದು ಇದ್ರೆ ಇನ್ನೂ ಹುಷಾರು. ಕೆಲವು ದೇಶಗಳಲ್ಲಿ, ಕುಡಿದ ಅತಿಥಿ ಗಾಡಿ ಓಡಿಸಿ ಯಾರಿಗಾದ್ರೂ ಗುದ್ದಿದ್ರೆ ಕುಡಿಸಿದವರ ಮೇಲೂ ಕೇಸ್ ಬರಬಹುದು. ಕಾಫಿ ಕೊಟ್ರೆ ಇಳಿಯುತ್ತೆ ಅನ್ನೋದು ಸುಳ್ಳು, ಟೈಮ್ ಮಾತ್ರ ಇಳಿಸೋದು. ಬೇಜಾರಾದ್ರೂ ಪರವಾಗಿಲ್ಲ, ಕೀ ಇಸ್ಕೊಂಡು ಕ್ಯಾಬ್ ಕರೆಸಿ, ಇಲ್ಲಾ ಅಲ್ಲೇ ಹಾಸಿಗೆ ಹಾಕಿಕೊಡಿ. ಹಾಂ, ಚಳಿ ಅಂತ ಇದ್ದಿಲು ಒಲೆ ಒಳಗೆ ತರಲೇಬೇಡಿ, ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೇನೇ ಇಲ್ಲ.

ಮನೆ ಇನ್ಶೂರೆನ್ಸ್ ಇದ್ರೆ ಅತಿಥಿಗಳಿಗೆ ಆಗೋ ಗಾಯ ಅದ್ರಲ್ಲಿ ಸೇರಿದೆಯಾ ಅಂತ ಪಾಲಿಸಿ ತೆಗೆದು ಈಗ್ಲೇ ಓದಿ. ಏನಾದ್ರೂ ಆದ್ರೆ ಮೊದಲು ಚಿಕಿತ್ಸೆ, ಆಮೇಲೆ ಜಾಗದ ಫೋಟೋ, ತಡಮಾಡ್ದೆ ಕಂಪನಿಗೂ ತಿಳಿಸಿ.